ಟಿವಿಯಲ್ಲಿ ಸದ್ದು ಬರುವ ಮದುವೆ ವಿಡಿಯೊ ಕಂಪ್ಯೂಟರಿನಲ್ಲಿ ಮೂಕವಾಗಿದೆ, ಯಾಕೆ?

ವಿರಾಜಪೇಟೆಯ ಮದುವೆಯ ಎಂಕೆವಿ ಫೈಲು, ಹೊಸ ಲ್ಯಾಪ್‌ಟಾಪು, ಎಲ್ಲರೂ ಕುಣಿಯುತ್ತಿದ್ದಾರೆ ಆದರೆ ವಾಲಗದ ಸದ್ದೇ ಇಲ್ಲ ಅಂದಿರಿ. ಬೇರೆ ವಿಡಿಯೊಗಳಿಗೆ ಸದ್ದು ಬರುತ್ತಿದ್ದರೆ ಸ್ಪೀಕರ್ ಸರಿಯಿದೆ ಎಂದೇ ಅರ್ಥ.

ಎಂಕೆವಿ ಅನ್ನುವುದು ಬರೀ ಡಬ್ಬಿ. ಅದರೊಳಗೆ ಚಿತ್ರ ಬೇರೆ, ಧ್ವನಿ ಬೇರೆ. ಒಂದೊಂದನ್ನು ಬಿಡಿಸಲು ಕೋಡೆಕ್ ಎಂಬ ಒಂದೊಂದು ಸಣ್ಣ ತಂತ್ರಾಂಶ ಬೇಕು. ಇಲ್ಲಿ ಧ್ವನಿ ಬಹುಶಃ ಎಸಿ-3, ಅಂದರೆ ಡಾಲ್ಬಿ ಡಿಜಿಟಲ್. ಟಿವಿಗಳಲ್ಲಿ ಇದರ ಕೋಡೆಕ್ ಸಾಮಾನ್ಯವಾಗಿ ಇರುತ್ತದೆ. ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಎಸಿ-3 ಕೋಡೆಕ್ ಜೊತೆಗೆ ಬರುವುದಿಲ್ಲ, ಮೈಕ್ರೋಸಾಫ್ಟ್ ತೆಗೆದುಬಿಟ್ಟಿದೆ.

ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಹಾಕಿಕೊಳ್ಳಿ, ಅದರ ಕೋಡೆಕ್‌ಗಳು ಅದರೊಳಗೇ ಇವೆ. ವಿಡಿಯೊ ಓಡುವಾಗ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಆಡಿಯೊ ಸಾಲಿನಲ್ಲಿ 'ಎ52' ಎಂದಿದ್ದರೆ ಅದೇ ಎಸಿ-3. ಮಳೆಗಾಲದಲ್ಲಿ ನಮ್ಮ ಮಡಿಕೇರಿ ಕಡೆ ಕರೆಂಟು, ನೆಟ್ಟು ಎರಡೂ ಕೈಕೊಡುತ್ತವಲ್ಲ, ಅದಕ್ಕೇ ನಾನು ವಿಎಲ್‌ಸಿಯ ಇನ್‌ಸ್ಟಾಲರನ್ನು ಪೆನ್‌ಡ್ರೈವಿನಲ್ಲೇ ಇಟ್ಟುಕೊಂಡಿರುತ್ತೇನೆ.

ಸಿಕ್ಕಸಿಕ್ಕ ಸೈಟಿನ 'ಕೋಡೆಕ್ ಪ್ಯಾಕ್' ಮಾತ್ರ ಬೇಡ, ವೈರಸ್ ಬಂದೀತು. ನೆಂಟರಿಗೆಲ್ಲ ಕಳಿಸಬೇಕಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಬದಲಿಸುವ ತಂತ್ರಾಂಶದಲ್ಲಿ ಧ್ವನಿಯನ್ನಷ್ಟೇ ಎಎಸಿ ಎಂಬ ಇನ್ನೊಂದು ಧ್ವನಿ ರೂಪಕ್ಕೆ ಬದಲಿಸಿ, ಚಿತ್ರವನ್ನು ಹಾಗೇ ನಕಲು ಮಾಡಿ. ಚಿತ್ರದ ಗುಣಮಟ್ಟ ಕೂದಲೆಳೆಯಷ್ಟೂ ಕೆಡುವುದಿಲ್ಲ.