ನಾಲ್ಕೂ ತುರುಪು ಒಂದೇ ಕೈಯಲ್ಲಿ ಕೂತಿದ್ದರೆ?

ಪ್ರಶ್ನೆ: ಪ್ರತಿ ಭಾನುವಾರ ಸಂಜೆ ನಾನು, ನಮ್ಮನೆಯವರು ಪಕ್ಕದ ಮನೆಯ ದಂಪತಿ ಜೊತೆ ಬ್ರಿಜ್ ಆಡುತ್ತೇವೆ. ಮೊನ್ನೆ ನನ್ನದು 4 ಸ್ಪೇಡ್ ಕಾಂಟ್ರಾಕ್ಟ್, ಅಂದರೆ ಸ್ಪೇಡ್ ತುರುಪು, 13 ಟ್ರಿಕ್‌ಗಳಲ್ಲಿ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) 10 ಗೆಲ್ಲಬೇಕು. ಕೈಯಲ್ಲಿ ಸ್ಪೇಡ್ ರಾಜ, 9, 6, 5, 3. ಡಮ್ಮಿಯಲ್ಲಿ, ಅಂದರೆ ಪಾರ್ಟ್‌ನರ್ ಮೇಜಿನ ಮೇಲೆ ಬಿಚ್ಚಿಟ್ಟ ಕೈಯಲ್ಲಿ, ಎಕ್ಕ, 10, 7, 4. ಹಾರ್ಟ್‌ನಲ್ಲಿ ಎರಡು ಟ್ರಿಕ್ ಹೋಗುವುದು ಖಚಿತ, ಕ್ಲಬ್ ಮತ್ತು ಡೈಮಂಡ್ ಗಟ್ಟಿ. ಮೊದಲ ಕ್ಲಬ್ ನನ್ನ ಕೈಯಲ್ಲೇ ಗೆದ್ದೆ. ಆಮೇಲೆ ಸ್ಪೇಡ್ ರಾಜ ಹೊಡೆದೆ. ಎಡಗಡೆಯವರ ಹತ್ತಿರ ಒಂದೂ ಸ್ಪೇಡ್ ಇಲ್ಲ! ರಾಣಿ, ಗುಲಾಮ, 8, 2 ಅಷ್ಟೂ ಬಲಗಡೆ. ಒಂದು ಟ್ರಿಕ್‌ನಿಂದ ಸೋತೆ. ನಮ್ಮನೆಯವರು 'ಗ್ರಹಚಾರ' ಅಂದರು. ಹೌದಾ?
(ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ)

ಉತ್ತರ: ನಿಮ್ಮನೆಯವರ ಮಾತಿಗೆ ಅರ್ಧ ಅಂಕ ಕೊಡೋಣ. ನಾಲ್ಕೂ ಎಲೆ ಒಂದೇ ಕಡೆ ಕೂರುವುದು ನೂರರಲ್ಲಿ ಹತ್ತು ಸಲವೂ ಇಲ್ಲ, ಲೆಕ್ಕ ಹೇಳುವುದು 9.6. ಉಳಿದರ್ಧ ಅಂಕ ಕೊಡಲು ನನಗೆ ಮನಸ್ಸಿಲ್ಲ. ಯಾಕೆಂದರೆ ಈ ಆಟ ಸೋಲಲೇಬೇಕು ಅಂತೇನೂ ಇರಲಿಲ್ಲ.

ಡಮ್ಮಿ ಕೆಳಗಿಟ್ಟ ಕೂಡಲೇ ನೀವು ಬಹುಶಃ ಗೆಲ್ಲುವ ಟ್ರಿಕ್ ಎಣಿಸಿದಿರಿ. ಅದು ಸರಿ. ಆದರೆ ಎಲ್ಲ ಚೆನ್ನಾಗಿ ಕಂಡಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: 'ಇದನ್ನು ನಾನು ಹೇಗೆ ಸೋಲಬಹುದು?' ನಿಮಗೆ ಮೂರು ಟ್ರಿಕ್ ಬಿಟ್ಟುಕೊಡುವ ಅವಕಾಶ ಇತ್ತು. ಎರಡು ಹಾರ್ಟ್‌ಗೆ ಹೋದವು. ಅಂದರೆ ಸ್ಪೇಡ್‌ನಲ್ಲಿ ಒಂದು ಹೋದರೂ ಚಿಂತೆಯಿಲ್ಲ, ಎರಡು ಹೋಗಬಾರದು. ಎರಡು ಹೋಗುವುದು ಯಾವಾಗ? ನಾಲ್ಕೂ ಒಂದೇ ಕೈಯಲ್ಲಿದ್ದಾಗ ಮಾತ್ರ. ಹಾಗಾದರೆ ಅದೊಂದನ್ನೇ ನೋಡಿಕೊಂಡು ಆಡಿದರೆ ಸಾಕಲ್ವಾ?

ರಾಜನನ್ನು ಮುಟ್ಟಬೇಡಿ. ಕೈಯಿಂದ 3 ಹಾಕಿ. ಎಡಗಡೆಯವರು ಸಣ್ಣ ಎಲೆ ಹಾಕಿದರೆ ಡಮ್ಮಿಯಿಂದ ಎಕ್ಕ ಅಲ್ಲ, 10. ಬಲಗಡೆಯವರು ರಾಣಿಯಿಂದಲೋ ಗುಲಾಮನಿಂದಲೋ ಹೊಡೆದರೆ ಹೊಡೆಯಲಿ ಬಿಡಿ. ಇಬ್ಬರೂ ಒಂದೊಂದು ಸ್ಪೇಡ್ ಹಾಕಿದ ಮೇಲೆ ಹೊರಗೆ ಉಳಿಯುವುದು ಎರಡೇ. ಎಕ್ಕ, ರಾಜ ಅವನ್ನು ಎಳೆದುಬಿಡುತ್ತವೆ. ಬಲಗಡೆಯವರ ಹತ್ತಿರ ಸ್ಪೇಡೇ ಇಲ್ಲದಿದ್ದರೆ ನಿಮ್ಮ 10 ಗೆದ್ದೇ ಗೆಲ್ಲುತ್ತದೆ, ಮುಂದೆ ಹೋಗುವುದು ಒಂದೇ ಟ್ರಿಕ್.

ಮೊನ್ನೆ ಆದಂತೆ ಎಡಗಡೆಯವರದೇ ಖಾಲಿ ಇದ್ದರೆ? ಆಗ ಎಕ್ಕ ಹಾಕಿ, ಡಮ್ಮಿಯಿಂದ ಸಣ್ಣದೊಂದು ಎಲೆ ಬಿಡಿ. ಬಲಗಡೆಯವರು 8 ಹಾಕಿದರೆ ನಿಮ್ಮ 9 ಗೆಲ್ಲುತ್ತದೆ. ಗುಲಾಮ ಹಾಕಿದರೆ ರಾಜ. ಹೇಗೆ ಹೊರಳಾಡಿದರೂ ಅವರಿಗೆ ಸಿಗುವುದು ಒಂದೇ.

ಒಂದು ಮಾತು ಹೇಳಲೇಬೇಕು. ನಾಲ್ಕೂ ಎಡಗಡೆ ಇದ್ದಿದ್ದರೆ ರಾಜ ಹೊಡೆದ ಮೇಲೂ ಎಡಗಡೆಯವರ ಎಲೆ ನೋಡಿಕೊಂಡು 10 ಹಾಕಿ ಬಚಾವಾಗುತ್ತಿದ್ದಿರಿ. ಹಾಗಾಗಿ ನಿಮ್ಮ ತಪ್ಪಿನ ಬೆಲೆ ನೂರರಲ್ಲಿ ಸುಮಾರು 5 ಸಲ, ಅಷ್ಟೆ. ಇಷ್ಟಕ್ಕೆ ಇಷ್ಟೆಲ್ಲ ಯೋಚನೆ ಯಾಕೆ ಅಂತೀರಾ? ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಹೊರಡುವವರು ಜಾಂಬೋಟಿ ದಾಟುವ ಮೊದಲು ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ನೋಡುತ್ತಾರೆ. ದಿನಾ ಟೈರ್ ಪಂಕ್ಚರ್ ಆಗುತ್ತದೆ ಅಂತಲ್ಲ.

ಲೆಕ್ಕವನ್ನೂ ನೋಡಿಬಿಡೋಣ. ಡುಪ್ಲಿಕೇಟ್ (ಪಂದ್ಯಗಳಲ್ಲಿ ಬಳಸುವ) ಅಂಕದಲ್ಲಿ, ವಲ್ನರಬಲ್ (ಬಹುಮಾನ, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಅಲ್ಲದಾಗ, 4 ಸ್ಪೇಡ್ ಮಾಡಿದರೆ 420. ಒಂದು ಕಮ್ಮಿಯಾದರೆ ಎದುರಾಳಿಗೆ 50. ಒಟ್ಟು 470ರ ವ್ಯತ್ಯಾಸ. ನೂರರಲ್ಲಿ 5 ಸಲ ಅಂದರೆ 2350. ಈ ಜಾಗ್ರತೆಗೆ ನೀವು ತೆರುವುದು ಏನು? ಸ್ಪೇಡ್ ಎರಡು ಎರಡಾಗಿ ಹಂಚಿದ್ದಾಗ ಎಕ್ಕ, ರಾಜ ಹೊಡೆದು ಪಡೆಯುತ್ತಿದ್ದ ಒಂದು ಹೆಚ್ಚಿನ ಟ್ರಿಕ್, 30 ಅಂಕ. ಅದು ಹೆಚ್ಚೆಂದರೆ 40 ಸಲ, ಅಂದರೆ 1200. ಮನೆಯಾಟದಲ್ಲಿ ಆ 30ಕ್ಕೆ ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ.

ನಾನೂ ಕಲಿತದ್ದು ಸೋತೇ. ಒಮ್ಮೆ 6 ಸ್ಪೇಡ್‌ನಲ್ಲಿ ಹೆಚ್ಚುಕಮ್ಮಿ ಇದೇ ಎಲೆ ಬಂದಿತ್ತು. ಚಹಾ ಆರುತ್ತಿದೆ ಅಂತ ಗಡಿಬಿಡಿಯಲ್ಲಿ ರಾಜ ಹೊಡೆದೆ. ನನ್ನ ಪಾರ್ಟ್‌ನರ್ ಏನೂ ಅನ್ನಲಿಲ್ಲ, ಚಹಾ ಮಾತ್ರ ಅವರೊಬ್ಬರೇ ಕುಡಿದರು.

ಪ್ರಶ್ನೆ: ಪೇರ್ಸ್ ಪಂದ್ಯದಲ್ಲೂ ಹೀಗೇ ಆಡಬೇಕಾ?
(ನವನಗರ, ಬಾಗಲಕೋಟೆ)

ಉತ್ತರ: ಸಾಮಾನ್ಯವಾಗಿ ಬೇಡ. ಅಲ್ಲಿ ಎಷ್ಟು ಅಂಕದಿಂದ ಗೆದ್ದಿರಿ ಅನ್ನುವುದಲ್ಲ, ಅದೇ ಎಲೆ ಆಡಿದ ಎಷ್ಟು ಜೋಡಿಗಳಿಗಿಂತ ಮುಂದಿದ್ದೀರಿ ಅನ್ನುವುದು ಮುಖ್ಯ. ಮೇಲಿನ ಕೈಯಲ್ಲಿ 5 ಸಲ ಉಳಿಸಿಕೊಳ್ಳಲು 40 ಸಲ ಹಿಂದೆ ಬೀಳುತ್ತೀರಿ. ಉಳಿದವರು ಮುಟ್ಟಿರಲಾರದ ಕಾಂಟ್ರಾಕ್ಟ್‌ಗೆ ನೀವು ಹೋಗಿದ್ದರೆ ಮಾತ್ರ ಬೇರೆ ಮಾತು. ಆಗ ಮಾಡಿದರೇ ಮೇಲು, ಜಾಗ್ರತೆ ಇರಲಿ.

ಪ್ರಶ್ನೆ: 3 ನೋ ಟ್ರಂಪ್ (ತುರುಪಿಲ್ಲದೆ 9 ಟ್ರಿಕ್ ಗೆಲ್ಲಬೇಕು). ಡಮ್ಮಿಯಲ್ಲಿ ಕ್ಲಬ್ ಎಕ್ಕ, ರಾಜ, ಜೊತೆಗೆ ಮೂರು ಸಣ್ಣವು. ಬೇರೆ ಯಾವ ಎಲೆಯಿಂದಲೂ ಡಮ್ಮಿಗೆ ಹೋಗುವ ಹಾಗಿಲ್ಲ. ನನ್ನ ಕೈಯಲ್ಲಿ ಮೂರು ಸಣ್ಣ ಕ್ಲಬ್. ಎಕ್ಕ, ರಾಜ ಹೊಡೆದು ಮೂರನೆಯದು ಬಿಟ್ಟುಕೊಟ್ಟೆ. ಉಳಿದೆರಡು ಕ್ಲಬ್ ಗಟ್ಟಿಯಾದವು, ಆದರೆ ಕೈಗೆಟುಕಲಿಲ್ಲ. ಏನು ಮಾಡಬೇಕಿತ್ತು?
(ವಿಜಯಪುರ)

ಉತ್ತರ: ಹೇಗಿದ್ದರೂ ಕೊಡುವ ಟ್ರಿಕ್ ಅಲ್ವಾ, ಮೊದಲೇ ಕೊಟ್ಟುಬಿಡಿ. ಮೊದಲ ಸುತ್ತಿನಲ್ಲಿ ಎರಡೂ ಕಡೆಯಿಂದ ಸಣ್ಣ ಎಲೆ. ಆಗ ನಿಮ್ಮ ಕೈಯಲ್ಲಿ ಇನ್ನೂ ಎರಡು ಕ್ಲಬ್ ಇರುತ್ತವೆ, ಡಮ್ಮಿಗೆ ಹೋಗುವ ದಾರಿ ಉಳಿಯುತ್ತದೆ. ಹೊರಗಿನ ಐದು ಕ್ಲಬ್ ಮೂರು ಎರಡಾಗಿ ಹಂಚಿದ್ದರೆ ನಾಲ್ಕು ಟ್ರಿಕ್ ನಿಮ್ಮವು. ಅದು ನೂರರಲ್ಲಿ 68 ಸಲ ಆಗುತ್ತದೆ.

ಇನ್ನೂ ಚೆಂದದ್ದು ಮುಂದಿದೆ. ನಿಮಗೆ ಕ್ಲಬ್‌ನಿಂದ ಮೂರೇ ಟ್ರಿಕ್ ಸಾಕಿದ್ದರೆ ಎರಡು ಸುತ್ತು ಬಿಟ್ಟುಕೊಡಿ. ಆಗ ನಾಲ್ಕು ಒಂದಾಗಿ ಹಂಚಿದ್ದರೂ ಮೂರು ಬಂದೇ ಬರುತ್ತವೆ. 68 ಇದ್ದದ್ದು 96ಕ್ಕೆ ಏರುತ್ತದೆ. ಆದರೆ ಬಿಟ್ಟುಕೊಡುವ ಮುಂಚೆ ಎದುರಾಳಿಗಳು ಹಿಡಿದಿರುವ ಸೂಟ್‌ನಲ್ಲಿ ನಿಮ್ಮ ತಡೆ ಇನ್ನೂ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಅವರು ಐದು ಟ್ರಿಕ್ ಬಾಚಿಕೊಂಡು ಹೋಗುತ್ತಾರೆ, ನಿಮ್ಮ ಕ್ಲಬ್ ಡಮ್ಮಿಯಲ್ಲೇ ಕೂತಿರುತ್ತವೆ.