ಮಗ ಓದಿದ ಕಾದಂಬರಿ, ತಾಯಿಯ ಭಯ

ಪ್ರಶ್ನೆ: ಹತ್ತನೆಯ ತರಗತಿಯಲ್ಲಿರುವ ನನ್ನ ಮಗ ಗೆಳೆಯನಿಂದ ಒಂದು ಇಂಗ್ಲಿಷ್ ಕಾದಂಬರಿಯನ್ನು ಎರವಲು ತಂದು ಎರಡೇ ರಾತ್ರಿಗಳಲ್ಲಿ ಓದಿ ಮುಗಿಸಿದ. ಹದಿನಾರರ ಹುಡುಗನೊಬ್ಬ ಉಗ್ರವಾದಿಗಳ ಗುಂಪು ಸೇರುವ ಕಥೆ ಅದು. ಹುಡುಗನೇ ‘ನಾನು’ ಎಂದು ಹೇಳಿಕೊಂಡು ಹೋಗುತ್ತಾನೆ. ನಾನು ಅರ್ಧ ಓದಿದ್ದೇನೆ. ಗುಂಪಿನ ನಾಯಕ ಒಳ್ಳೆಯವನಂತೆಯೇ ಕಾಣುತ್ತಾನೆ, ನನ್ನ ಭಯವೂ ಅದೇ. ಇಂಥ ಪುಸ್ತಕಗಳನ್ನು ಮನೆಗೆ ತರಬೇಡವೆಂದು ಮಗನಿಗೆ ಹೇಳಲೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಹೇಳಬೇಡಿ, ಮೊದಲು ಉಳಿದ ಅರ್ಧವನ್ನು ಓದಿ ಮುಗಿಸಿ. ನಿಮಗೆ ಭಯ ಹುಟ್ಟಿಸಿದ ಅಂಶವೇ ಆ ಕಾದಂಬರಿಯ ಪ್ರಾಮಾಣಿಕತೆ ಎಂದು ನನಗೆ ತೋರುತ್ತದೆ. ಕೋರೆಹಲ್ಲಿನ ರಾಕ್ಷಸನ ಬೆನ್ನು ಹತ್ತಿ ಯಾವ ಹುಡುಗನೂ ಹೋಗುವುದಿಲ್ಲ. ಬಲೆ ಬೀಸುವವನು ಹುಡುಗನಿಗೆ ಊಟವಾಯಿತೇ ಎಂದು ವಿಚಾರಿಸುತ್ತಾನೆ, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದದ್ದಕ್ಕೆ ಗದರುವುದಿಲ್ಲ, ಮನೆಯಲ್ಲಿ ಯಾರೂ ಕೇಳಿಸಿಕೊಳ್ಳದ ಸಿಟ್ಟಿಗೆ ತಾಳ್ಮೆಯಿಂದ ಕಿವಿಗೊಡುತ್ತಾನೆ. ಆ ಸಿಟ್ಟಿಗೊಬ್ಬ ಶತ್ರುವನ್ನು ತೋರಿಸಿಕೊಡುವ ಹೊತ್ತಿಗೆ ಹುಡುಗ ಅವನನ್ನು ಅಣ್ಣನೆಂದು ಕರೆಯತೊಡಗಿರುತ್ತಾನೆ. ಸ್ನೇಹ ಮೊದಲು, ಸಿದ್ಧಾಂತ ಆಮೇಲೆ. ಈ ಅನುಕ್ರಮವನ್ನು ಮರೆಮಾಚಿ, ಖಳನಾಯಕನನ್ನು ಮೊದಲ ಪುಟದಲ್ಲೇ ಗುರುತು ಹಿಡಿಯುವಂತೆ ಬರೆದ ಪುಸ್ತಕ ಓದುಗನಿಗೆ ಸುಳ್ಳು ಧೈರ್ಯವನ್ನು ಕೊಡುತ್ತದೆ.

1967ರಲ್ಲಿ ಅಮೆರಿಕದ ಪಾಲೋ ಆಲ್ಟೋ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ರಾನ್ ಜೋನ್ಸ್ ಎಂಬ ಇತಿಹಾಸದ ಮೇಷ್ಟ್ರು ನಾಜಿ ಜರ್ಮನಿಯ ಪಾಠ ಮಾಡುತ್ತಿದ್ದಾಗ, ಅಲ್ಲಿನ ಸಾಮಾನ್ಯ ಜನ ಇದನ್ನೆಲ್ಲ ಹೇಗೆ ಒಪ್ಪಿಕೊಂಡರೆಂಬ ಪ್ರಶ್ನೆ ಎದ್ದಿತು. ಅದಕ್ಕೆ ಅವರು ಮಾತಿನಲ್ಲಿ ಉತ್ತರಿಸದೆ, ನೆಟ್ಟಗೆ ಕೂರುವುದು, ಎದ್ದು ನಿಂತು ಚುಟುಕಾಗಿ ಉತ್ತರಿಸುವುದು, ತಮ್ಮವರೆಂದು ಗುರುತಿಸಲು ವಿಶೇಷ ಬಗೆಯಲ್ಲಿ ಕೈಯೆತ್ತಿ ವಂದಿಸುವುದು ಎಂದು ಒಂದೊಂದೇ ನಿಯಮ ಹಾಕುತ್ತ ತರಗತಿಯನ್ನು ಒಂದು ‘ಚಳವಳಿ’ಯಾಗಿಸಿದರು. ಸದಸ್ಯತ್ವದ ಚೀಟಿಗಳು ಬಂದವು, ಬೇರೆ ತರಗತಿಯ ಮಕ್ಕಳೂ ಬಂದು ಸೇರಿದರು, ಹೇಳದಿದ್ದರೂ ಗೆಳೆಯರ ಮೇಲೆ ದೂರು ಒಯ್ಯುವವರು ಹುಟ್ಟಿಕೊಂಡರು. ಪ್ರಯೋಗ ಕೈಮೀರುತ್ತಿದೆಯೆಂದು ಐದನೆಯ ದಿನವೇ ಮೇಷ್ಟ್ರು ಅದನ್ನು ನಿಲ್ಲಿಸಬೇಕಾಯಿತು. ಮುಂದೆ 1981ರಲ್ಲಿ ಇದೇ ಘಟನೆ ಹದಿಹರೆಯದವರ ಕಾದಂಬರಿಯಾಗಿ ಬಂದಿತು. ಜರ್ಮನಿಯ ಶಾಲೆಗಳಲ್ಲಿ ಅದನ್ನು ವ್ಯಾಪಕವಾಗಿ ಓದಿಸುತ್ತಾರೆ. ಪಾಲೋ ಆಲ್ಟೋದ ಆ ಮಕ್ಕಳು ಸಾಧಾರಣ ಮನೆಗಳಿಂದ ಬಂದವರು. ಅವರಿಗೆ ದ್ವೇಷದ ಬೋಧನೆ ಬೇಕಾಗಲಿಲ್ಲ, ತಾವೂ ಒಂದು ಗುಂಪಿಗೆ ಸೇರಿದವರೆಂಬ ಹೆಮ್ಮೆಯೇ ಸಾಕಾಯಿತು.

ಮಗನೊಡನೆ ಮಾತನಾಡುವಾಗ ‘ಇದರಿಂದ ಏನು ಕಲಿತೆ’ ಎಂದು ಮಾತ್ರ ಕೇಳಬೇಡಿ, ಆ ಪ್ರಶ್ನೆಗೆ ಮಕ್ಕಳ ಬಳಿ ಪರೀಕ್ಷೆಯ ಉತ್ತರ ಸಿದ್ಧವಿರುತ್ತದೆ. ಕಥೆಯ ಹುಡುಗ ಯಾವ ಪುಟದವರೆಗೂ ಹಿಂದಿರುಗಿ ಬರಬಹುದಿತ್ತು, ಆಗ ಅವನ ಮನೆಯವರು ಏನು ಮಾಡುತ್ತಿದ್ದರು ಎಂದು ಕೇಳಿ. ಉತ್ತರ ನಿಮಗೆ ಚುಚ್ಚಿದರೂ ಕೇಳಿಸಿಕೊಳ್ಳಿ. ‘ನಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ದೊಡ್ಡಪ್ಪ ಇಂಥದ್ದನ್ನೇ ಕಳಿಸುತ್ತಾರಲ್ಲ’ ಎಂದು ಅವನು ತಿರುಗಿ ಕೇಳಿದರೂ ಕೇಳಬಹುದು. ಶುಭೋದಯದ ಹೂವಿನ ಚಿತ್ರದ ಬೆನ್ನಿಗೇ ದ್ವೇಷದ ಸಂದೇಶವನ್ನು ದಾಟಿಸುವ ಹಿರಿಯರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ.

ಪುಸ್ತಕಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಹಳೆಯ ಗೆಳೆಯರನ್ನು ಥಟ್ಟನೆ ಬಿಟ್ಟುಬಿಡುವುದು, ಅಪರಿಚಿತ ‘ಅಣ್ಣ’ನೊಡನೆ ಗುಟ್ಟಿನ ಚಾಟ್, ಒಂದಿಡೀ ಸಮುದಾಯವನ್ನು ಹುಳುಗಳೆಂದೋ ಕಸವೆಂದೋ ಕರೆಯುವ ಹೊಸ ಭಾಷೆ. ಇವು ಕಂಡರೆ ತಡಮಾಡದೆ ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು; ಹುಡುಗ ಮೊಬೈಲಿನಲ್ಲೇ ಮುಳುಗಿಹೋಗಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆ ಅದಕ್ಕೆಂದೇ 2014ರಲ್ಲಿ ಆರಂಭಿಸಿದ ‘ಶಟ್’ ಕ್ಲಿನಿಕ್ ಇದೆ.

ಪ್ರಶ್ನೆ: ಇದೇ ವಸ್ತುವಿನ ಮೇಲೆ ಹದಿಹರೆಯದವರಿಗಾಗಿ ಕನ್ನಡದಲ್ಲಿ ಕಾದಂಬರಿ ಬರೆಯುತ್ತಿದ್ದೇನೆ. ಗುಂಪಿನ ನಾಯಕನ ಭಾಷಣಗಳನ್ನು ಎಷ್ಟು ವಿವರವಾಗಿ ಬರೆಯಬೇಕು?
– ಯುವ ಬರಹಗಾರ್ತಿ, ವಿಜಯನಗರ, ಬೆಂಗಳೂರು

ಉತ್ತರ: ಭಾಷಣ ಎರಡು ಸಾಲಿಗಿಂತ ಹೆಚ್ಚು ಬೇಡ. ಅದನ್ನು ಕೇಳಿ ಮನೆಗೆ ಬಂದ ಹುಡುಗ ಅಂದು ರಾತ್ರಿ ಅಮ್ಮನ ಜೊತೆ ಹೇಗೆ ಮಾತನಾಡಿದ ಎಂಬುದಕ್ಕೆ ಒಂದು ಅಧ್ಯಾಯವನ್ನೇ ಕೊಡಿ. ಗುಂಪು ದ್ವೇಷಿಸುವ ಸಮುದಾಯದ ಒಬ್ಬ ಹುಡುಗನೋ ಹುಡುಗಿಯೋ ಕಥೆಯಲ್ಲಿರಲಿ. ಆ ಪಾತ್ರ ಬರೀ ಪೆಟ್ಟು ತಿನ್ನಲು ಬಂದುಹೋಗದೆ, ಟ್ಯೂಷನ್ನಿಗೆ ತಡವಾಗಿ ಬೈಸಿಕೊಳ್ಳಲಿ, ಕ್ರಿಕೆಟ್ಟಿನಲ್ಲಿ ಮೋಸಮಾಡಲಿ, ನಿಮ್ಮ ಕಥಾನಾಯಕನಿಗಿಂತ ಚೆನ್ನಾಗಿ ಜೋಕು ಹೇಳಲಿ.