ಟೈಲ್ಸ್ ದುಡ್ಡಿಗೆ ಲೀನ್: ಮೊದಲು ತಾರೀಖು ನೋಡಿ

ಫ್ರೀಮಾಂಟ್‌ನ ಮನೆಗೆ ಟೈಲ್ಸ್ ಹಾಕಿದ್ದೀರಿ, ಮೇನ್ ಕಾಂಟ್ರ್ಯಾಕ್ಟರ್ ದುಡ್ಡು ಕೊಡುತ್ತಿಲ್ಲ, ಲೀನ್ (ಬಾಕಿ ದುಡ್ಡಿಗಾಗಿ ಆ ಮನೆಯ ಮೇಲೆ ದಾಖಲಿಸುವ ಹಕ್ಕು) ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ನಿಮ್ಮ ಕೆಲಸ ಶುರುವಾದ 20 ದಿನದೊಳಗೆ ಮನೆ ಓನರ್‌ಗೆ, ಕಾಂಟ್ರ್ಯಾಕ್ಟರ್‌ಗೆ ಪ್ರಿಲಿಮಿನರಿ ನೋಟಿಸ್ (ದುಡ್ಡು ಬರದಿದ್ದರೆ ಲೀನ್ ಹಾಕಬಹುದು ಅಂತ ಮೊದಲೇ ತಿಳಿಸುವ ಪತ್ರ) ಕೊಟ್ಟಿದ್ದಿರಾ? ನೀವು ಸಬ್‌ಕಾಂಟ್ರ್ಯಾಕ್ಟರ್, ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಅದೇ ಬುನಾದಿ. ತಡವಾಗಿ ಕೊಟ್ಟಿದ್ದರೆ, ಕೊಟ್ಟ ದಿನದಿಂದ ಹಿಂದಿನ 20 ದಿನ ಮತ್ತು ಆಮೇಲಿನ ಕೆಲಸಕ್ಕೆ ಮಾತ್ರ ಲೀನ್ ಸಿಗುತ್ತದೆ. ಕಾಂಟ್ರ್ಯಾಕ್ಟರ್ ಲೈಸೆನ್ಸ್ ಇಲ್ಲದಿದ್ದರೆ ಇದನ್ನೆಲ್ಲ ಮರೆತುಬಿಡಿ.

ಇಡೀ ಮನೆ ಕೆಲಸ ಮುಗಿದು 90 ದಿನದೊಳಗೆ ಲೀನ್ ಕೌಂಟಿ ಆಫೀಸಲ್ಲಿ ರೆಕಾರ್ಡ್ (ದಾಖಲು) ಆಗಬೇಕು. ಓನರ್ ನೋಟಿಸ್ ಆಫ್ ಕಂಪ್ಲೀಷನ್ (ಕೆಲಸ ಮುಗಿದಿದೆ ಅನ್ನುವ ನೋಟಿಸ್) ರೆಕಾರ್ಡ್ ಮಾಡಿಸಿದ್ದರೆ ನಿಮಗೆ ಅಲ್ಲಿಂದ ಬರೀ 30 ದಿನ! ಇದನ್ನು ಇವತ್ತೇ ಚೆಕ್ ಮಾಡಿ.

ಓನರ್‌ಗೆ ಲೀನ್ ಪ್ರತಿಯನ್ನು ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ. ಕಳಿಸಿದ್ದಕ್ಕೆ ಸಹಿ ಮಾಡಿದ ಪ್ರೂಫ್ ಆಫ್ ಸರ್ವಿಸ್ ಹಾಳೆ ಲೀನ್ ಜೊತೆಗೇ ಇರಬೇಕು. ಆಮೇಲೆ ಓಕ್ಲೆಂಡ್‌ನ ಅಲಮೀಡಾ ಕೌಂಟಿ ರೆಕಾರ್ಡರ್ ಆಫೀಸಿಗೆ ಹೋಗಿ. ನಮ್ಮೂರ ಸಬ್‌ರಿಜಿಸ್ಟ್ರಾರ್ ಆಫೀಸ್ ಥರ ಸಾಕ್ಷಿಗಳನ್ನು ಕರೆದುಕೊಂಡು ಹೋಗಬೇಕಿಲ್ಲ. ಆಫೀಸಿನವರು ತಗೊಂಡ ಮಾತ್ರಕ್ಕೆ ನಿಮ್ಮ ಲೀನ್ ಸರಿಯಿದೆ ಅಂತಲ್ಲ. ಬಾಕಿ ಎಷ್ಟಿದೆಯೋ ಅಷ್ಟೇ ಬರೆಯಿರಿ, ಸಿಟ್ಟಿಗೆ ಜಾಸ್ತಿ ಸೇರಿಸಬೇಡಿ.

ರೆಕಾರ್ಡ್ ಆಯ್ತು ಅಂತ ಸುಮ್ನೆ ಕೂರಬೇಡಿ. ಮತ್ತೆ 90 ದಿನದೊಳಗೆ ಕೋರ್ಟಲ್ಲಿ ಕೇಸ್ ಹಾಕದಿದ್ದರೆ ಲೀನ್‌ಗೆ ಬೆಲೆಯಿಲ್ಲ. ಅಷ್ಟರಲ್ಲಿ ಒಬ್ಬ ಲಾಯರ್‌ಗೆ ಪೇಪರ್ ತೋರಿಸಿ.